ತೊಡೆಸಂದಿನ ಗಂಟಿಗೆ ಅವಸರದಲ್ಲಿ ಹೆಸರಿಡಬೇಡಿ

ನನಗೆ 62 ಆಗಿದ್ದಾಗ ಬಲ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಿತು. ಕೆಮ್ಮಿದರೆ ಉಬ್ಬುತ್ತಿತ್ತು. ಕೇಳಿದವರೆಲ್ಲ ‘ಕರುಳು ಇಳಿದಿದೆ, ಹರ್ನಿಯಾ’ ಅಂದರು. ಕೊಯ್ದು ನೋಡಿದರೆ ಕರುಳೂ ಇಲ್ಲ, ಹರ್ನಿಯಾದ ಚೀಲವೂ ಇಲ್ಲ; ಬೆಣ್ಣೆಮುದ್ದೆಯಂಥ ಹಳದಿ ಕೊಬ್ಬು. ನಮ್ಮ ಮನೆಯ ಹುಡುಗರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

• ನಾಚಿಕೆ ಬಿಡಿ. ಹೆಂಡತಿಗೂ ಹೇಳದೆ ಎಂಟು ತಿಂಗಳು ಪಂಚೆಯೊಳಗೆ ಮುಚ್ಚಿಟ್ಟುಕೊಂಡಿದ್ದು ನನ್ನ ದಡ್ಡತನ.

• ಡಾಕ್ಟರು ಮಲಗಿಸಿ ಮಾತ್ರ ನೋಡಿದರೆ ‘ಎದ್ದು ನಿಂತು ಕೆಮ್ಮಲಾ?’ ಅಂತ ನೀವೇ ಕೇಳಿ. ಮಲಗಿದಾಗ ಒಳಗೆ ಸರಿದು, ನಿಂತಾಗ, ಭಾರ ಎತ್ತಿದಾಗ, ತಿಣುಕಿದಾಗ ಹೊರಬರುವುದು ಸಾಮಾನ್ಯವಾಗಿ ಹರ್ನಿಯಾ. ಚರ್ಮದಡಿಯ ಕೊಬ್ಬಿನ ಗಂಟು ಮಲಗಿದರೂ ಅಷ್ಟೇ, ನಿಂತರೂ ಅಷ್ಟೇ. ಮೆತ್ತಗಿದ್ದು ಬೆರಳಿನಡಿ ಜಾರುತ್ತದೆ.

• ಪೇಚಾಟವಿರುವುದು ಗಂಡಸರ ಇನ್ನೊಂದು ಬಗೆಯ ಗಂಟಿನಲ್ಲಿ. ವೃಷಣದ ರಕ್ತನಾಳ, ವೀರ್ಯನಾಳಗಳು ಹುರಿಯ ಹಾಗೆ ಒಟ್ಟಾಗಿ ಹೊಟ್ಟೆಯಿಂದ ಕೆಳಗಿಳಿಯುತ್ತವೆ. ಹೊಟ್ಟೆಯ ಒಳಪೊರೆಯಾಚೆಗಿನ ಕೊಬ್ಬು ಆ ಹುರಿಯ ಜೊತೆ ನುಸುಳಿ ಬಂದರೆ ಅದೂ ಕೆಮ್ಮಿಗೆ ಉಬ್ಬಬಹುದು, ನೋಯಬಹುದು. ನನ್ನದು ಇದೇ. ಡಾಕ್ಟರ ಬೆರಳಿಗೂ ಸ್ಕ್ಯಾನಿಂಗಿಗೂ ಮೋಸ ಮಾಡುವಂಥದ್ದು. ಹಾಗಾಗಿ ನಾನು ಯಾರನ್ನೂ ಬೈಯಲಿಲ್ಲ. ನೀವು ಸ್ಕ್ಯಾನಿಂಗನ್ನು ನಿಂತು, ತಿಣುಕುತ್ತಾ ಕೂಡ ಮಾಡಿಸಿಕೊಳ್ಳಿ. ಆಗಲೂ ಅನುಮಾನ ತೀರದಿದ್ದರೆ ಸಿ.ಟಿ. ಅಥವಾ ಎಂ.ಆರ್.ಐ. ಬೇಕೇ ಅಂತ ಕೇಳಿ.

• ಇದೇ ಕೊಬ್ಬು ಹರ್ನಿಯಾದ ಜೊತೆಗೂ ಇರುವುದುಂಟು. ಲ್ಯಾಪರೋಸ್ಕೋಪಿ ಆಪರೇಷನ್ನಿನಲ್ಲಿ ಅದು ಕಣ್ತಪ್ಪಿದರೆ, ಹರ್ನಿಯಾ ಮುಚ್ಚಲು ಜಾಲರಿ ಹಾಕಿದ ಮೇಲೂ ಗಂಟು ಹಾಗೇ ಉಳಿದು ‘ಹರ್ನಿಯಾ ಮರಳಿ ಬಂತು’ ಅಂತ ಗಾಬರಿ. ‘ಕೊಬ್ಬಿನ ಗಂಟನ್ನೂ ಹುಡುಕಿ ತೆಗೀತೀರಾ?’ ಅಂತ ಆಪರೇಷನ್ನಿಗೆ ಮೊದಲೇ ಕೇಳಿಬಿಡಿ.

• ತೆಗೆದದ್ದನ್ನು ಲ್ಯಾಬಿಗೆ ಕಳಿಸಲು ಹೇಳಿ. ಕ್ಯಾನ್ಸರ್ ಅಪರೂಪ. ಆದರೆ ಗಂಟು ಗಟ್ಟಿಯಾಗಿದ್ದರೆ, ಬೇಗ ಬೆಳೆಯುತ್ತಿದ್ದರೆ, 5 ಸೆಂಟಿಮೀಟರ್ ದಾಟಿದ್ದರೆ ಕಾಯುತ್ತ ಕೂರಬೇಡಿ.

• ಹೆಂಗಸರ ಗಂಟನ್ನು ‘ಕೊಬ್ಬು ಬಿಡು’ ಅಂತ ತಳ್ಳಿಹಾಕಬೇಡಿ. ತೊಡೆಯ ಬುಡಕ್ಕೆ ಇಳಿಯುವ ಹರ್ನಿಯಾ ಗಂಡಸರಿಗಿಂತ ಅವರಲ್ಲೇ ಹೆಚ್ಚು. ಅದು ಸಣ್ಣದಿದ್ದರೂ ಕರುಳು ಬೇಗ ಸಿಕ್ಕಿಕೊಳ್ಳುತ್ತದೆ.

• ನೀವುವುದು, ಶಾಖ, ಅಂಗಡಿಯ ಬೆಲ್ಟು: ಡಾಕ್ಟರು ನೋಡುವ ತನಕ ಯಾವುದೂ ಬೇಡ.

• ಗಂಟು ಇದ್ದಕ್ಕಿದ್ದಂತೆ ಕಲ್ಲಾಗಿ, ತಡೆಯಲಾರದ ನೋವು, ವಾಂತಿ ಶುರುವಾಗಿ, ಗ್ಯಾಸೂ ಹೋಗದಿದ್ದರೆ ಕೊಬ್ಬೋ ಕರುಳೋ ಅಂತ ಮನೆಯಲ್ಲಿ ಚರ್ಚೆ ಮಾಡಬೇಡಿ. ಏನನ್ನೂ ತಿನ್ನಿಸದೆ, ಕುಡಿಸದೆ, ಬೆಳಗಾಗಲಿ ಅನ್ನದೆ, ಆಪರೇಷನ್ ಮಾಡುವ ಆಸ್ಪತ್ರೆಗೇ ನೇರ ಕರೆದೊಯ್ಯಿರಿ.