ಡಿಜಿಟಲ್ ಮಾಧ್ಯಮಕ್ಕೆ ಬರೆವಣಿಗೆ: ಕಾಲೇಜಿಗೆ ಹೊರಡುವ ಮುನ್ನ

ತಾಳವಾಡಿಯ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಹನ್ನೆರಡನೆಯ ತರಗತಿ ಮುಗಿಸಿ, ದಿಂಬಂ ಘಟ್ಟವಿಳಿದು ಸತ್ಯಮಂಗಲ, ಈರೋಡು ಕಡೆಯ ಕಾಲೇಜುಗಳನ್ನು ಸೇರಿದರೆ, ಕನ್ನಡ ತರಗತಿಯು ಅವರ ಪಾಲಿಗೆ ಸಾಮಾನ್ಯವಾಗಿ ಅಲ್ಲಿಗೆ ಮುಗಿದಂತೆ. ಆ ಬಳಿಕ ಅವರು ಕನ್ನಡ ಬರೆಯುವ ಸ್ಥಳ ಬಹುಮಟ್ಟಿಗೆ ಮೊಬೈಲು. ಅಲ್ಲಿ ಬರೆಯುವ ಕ್ರಮವನ್ನು ಕಲಿಸುವ ಹೊಣೆ ನಮ್ಮದೇ.

ಲಿಪಿ: ಕನ್ನಡವನ್ನು ಕನ್ನಡ ಲಿಪಿಯಲ್ಲಿಯೇ ಬರೆಯಿಸಬೇಕು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಹೀಗೆ ಬರೆದುದನ್ನು ಇಂದಿನ ಮೊಬೈಲುಗಳಲ್ಲಿ ಓದಬಹುದು, ಹುಡುಕಿ ತೆಗೆಯಬಹುದು. ಹಳೆಯ ಮುದ್ರಣ ಫಾಂಟುಗಳ ಬರೆಹವು ಆ ಫಾಂಟಿಲ್ಲದೆಡೆ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಹ್ರಸ್ವ ದೀರ್ಘಗಳ, ಲಕಾರ ಳಕಾರಗಳ ಭೇದವೇ ಅಳಿಯುತ್ತದೆ.

ಆರಂಭ: ಪರೀಕ್ಷೆಯ ಪ್ರಬಂಧಕ್ಕೆ ಪೀಠಿಕೆ ಬೇಕು, ಮೊಬೈಲಿನ ಓದುಗನು ಪೀಠಿಕೆಗೆ ಕಾಯನು. ಈ ಎರಡು ಆರಂಭಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಹೋಲಿಸಿರಿ.

ಅ) ಭಾರತವು ಹಬ್ಬಗಳ ನಾಡು. ಹಬ್ಬಗಳು ನಮ್ಮ ಸಂಸ್ಕೃತಿಯ ಪ್ರತೀಕ.

ಆ) ದೀಪಾವಳಿಯ ಬೆನ್ನಲ್ಲೇ ತಾಳವಾಡಿ ಸಮೀಪದ ಗುಮಟಾಪುರದಲ್ಲಿ ಜನರು ಬೀರೇಶ್ವರ ದೇವಾಲಯದ ಬಳಿ ಸಗಣಿ ರಾಶಿ ಹಾಕಿ, ಉಂಡೆ ಕಟ್ಟಿ ಪರಸ್ಪರ ಎಸೆದಾಡುತ್ತಾರೆ. ಇದೇ ಗೊರೆಹಬ್ಬ.

ಎರಡನೆಯದರಲ್ಲಿ ಎಲ್ಲಿ, ಯಾವಾಗ, ಯಾರು, ಏನು ಎಂಬುವೆಲ್ಲ ಮೊದಲಿಗೇ ತಿಳಿಯುತ್ತವೆ. ಏಕೆ ಎಂಬುದನ್ನು ಮುಂದಿನ ಪರಿಚ್ಛೇದ ಹೇಳಲಿ.

ಪರಿಶೀಲನೆ: ದೂರದವರಿಗೆ ಗೊರೆಹಬ್ಬ ಒಂದು ವಿಚಿತ್ರ ದೃಶ್ಯ. ಆಡುವವರಿಗೆ ಅದು ಏನೆಂಬುದನ್ನು ಊರಿನ ಹಿರಿಯರಿಂದ ಕೇಳಿ ಬರೆಯಬಲ್ಲವನು ನಮ್ಮ ವಿದ್ಯಾರ್ಥಿ. ಕೇಳಿದ ಸಂಗತಿಯನ್ನು ಇನ್ನೊಬ್ಬರಲ್ಲಿ ವಿಚಾರಿಸಬೇಕು. ಯಾರು ಹೇಳಿದರೆಂಬುದನ್ನು ಅವರ ಒಪ್ಪಿಗೆ ಪಡೆದು ಬರೆಯಬೇಕು. ಭಾವಚಿತ್ರಕ್ಕೂ ಒಪ್ಪಿಗೆ ಅಗತ್ಯ. ಕಾಗದದ ತಪ್ಪು ತರಗತಿಯಲ್ಲಿ ಉಳಿಯುತ್ತದೆ. ಮೊಬೈಲಿನ ತಪ್ಪು ತಿದ್ದುವ ಮೊದಲೇ ಊರು ದಾಟಿರುತ್ತದೆ.

ಚಟುವಟಿಕೆ: ನಾಲ್ವರ ಗುಂಪುಗಳು ತಮ್ಮೂರಿನ ಸಂತೆ, ಬೆಳೆ ಅಥವಾ ಹಬ್ಬವನ್ನು ಕುರಿತು 100 ಪದಗಳಲ್ಲಿ ಬರೆಯಲಿ. ಮೊದಲು ಕಾಗದದಲ್ಲಿ ಬರೆದು ತಿದ್ದಿ, ಬಳಿಕ ಬೆರಳಚ್ಚಿಸಲಿ; ಶಿಕ್ಷಕರ ಒಂದು ಮೊಬೈಲು ಸಾಕು. ಇನ್ನೊಂದು ಗುಂಪು ಅದನ್ನು ಪರದೆಯಲ್ಲಿ ಓದಿ, ಎಲ್ಲಿ ತಡವರಿಸಿತೆಂದು ಗುರುತಿಸಲಿ. ಆ ವಾಕ್ಯವನ್ನು ಬರೆದವರೇ ತಿದ್ದಲಿ.

ಮೌಲ್ಯಮಾಪನ (10 ಅಂಕ): ಲಿಪಿ ಮತ್ತು ಕಾಗುಣಿತ 3, ಆರಂಭ 3, ಪರಿಶೀಲನೆ 4.

ಉತ್ತಮ ಬರೆಹಗಳನ್ನು ಶಾಲೆಯಲ್ಲಿ ಸಂಗ್ರಹಿಸಿಡಿರಿ. ಮುಂದಿನ ವರ್ಷದ ಮಕ್ಕಳಿಗೆ ಅವೇ ಮಾದರಿಯಾಗಲಿ.