ಬೆಂಗಳೂರಿನಲ್ಲಿ ಓಡಾಡುವುದು ಹೇಗೆ?

ಆದೋನಿಯ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಾದ ನಾವು ಮುಂದೆ ಓದಿಗೋ ಕೆಲಸಕ್ಕೋ ಬೆಂಗಳೂರಿಗೆ ಹೋಗಬೇಕಾಗಬಹುದು. ಅಲ್ಲಿ ಸಂಚರಿಸುವ ಬಗೆಯನ್ನು ಈಗಲೇ ತಿಳಿದಿರುವುದು ಒಳಿತು.

ಗುಂತಕಲ್ಲು ಮಾರ್ಗವಾಗಿ ಹೋಗಿ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಕೆಂಪೇಗೌಡ ಬಸ್ ನಿಲ್ದಾಣ. ಇದನ್ನೇ ಜನರು ಮೆಜೆಸ್ಟಿಕ್ ಎನ್ನುತ್ತಾರೆ. ನಗರದೊಳಗಿನ ಬಸ್ಸುಗಳನ್ನು 1997ರಲ್ಲಿ ಸ್ಥಾಪನೆಯಾದ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ಓಡಿಸುತ್ತದೆ. ಸಂಖ್ಯೆಯನ್ನಷ್ಟೇ ನೋಡಿ ಬಸ್ಸು ಹತ್ತಬಾರದು. ಹೋಗುವ ಬಸ್ಸಿಗೂ ಬರುವ ಬಸ್ಸಿಗೂ ಒಂದೇ ಸಂಖ್ಯೆ ಇರುತ್ತದೆ. ಮುಂದಿನ ಫಲಕವನ್ನು ಓದಬೇಕು. ಅದು ಕನ್ನಡದಲ್ಲಿರುವುದರಿಂದ ನಮಗೆ ಕಷ್ಟವಾಗದು. 2011ರಲ್ಲಿ ಆರಂಭವಾದ ಮೆಟ್ರೊ ರೈಲಿನಲ್ಲೂ ನಿಲ್ದಾಣಗಳ ಹೆಸರನ್ನು ಕನ್ನಡದಲ್ಲಿ ಹೇಳುತ್ತಾರೆ. ಅದರ ನೇರಳೆ, ಹಸಿರು ಮಾರ್ಗಗಳು ಮೆಜೆಸ್ಟಿಕ್ಕಿನಲ್ಲಿ ಕೂಡುತ್ತವೆ. ಆಟೋ, ಟ್ಯಾಕ್ಸಿಗಳನ್ನು ಹತ್ತುವ ಮೊದಲೇ ಬಾಡಿಗೆಯನ್ನು ವಿಚಾರಿಸಿಕೊಳ್ಳಬೇಕು.

ಇನ್ನೊಂದು ಮಾತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ಕರ್ನಾಟಕದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ಆದರೆ ಇದು ಆ ರಾಜ್ಯದ ನಿವಾಸಿಗಳಿಗೆ ಮಾತ್ರ. ನಮ್ಮೂರಿನ ಹೆಣ್ಣುಮಕ್ಕಳ ಮನೆಮಾತು ಕನ್ನಡವಾದರೂ ಗುರುತಿನ ಚೀಟಿಯ ವಿಳಾಸ ಆಂಧ್ರದ್ದು. ಅವರು ಹಣ ಕೊಟ್ಟೇ ಟಿಕೆಟ್ ಪಡೆಯಬೇಕು.

ಹೀಗೆ ಸವಲತ್ತು ದೊರೆಯದಿದ್ದರೂ ನಾವು ಕಲಿತ ಅಕ್ಷರ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಆದ್ದರಿಂದ ಫಲಕಗಳನ್ನು ಓದೋಣ. ತಿಳಿಯದಿದ್ದರೆ ಕಂಡಕ್ಟರರನ್ನು ಸಂಕೋಚವಿಲ್ಲದೆ ಕನ್ನಡದಲ್ಲೇ ಕೇಳೋಣ.