ನೆಲಮಾಳಿಗೆಯ ತೇವ ಮತ್ತು ಅದರ ನಿವಾರಣೆ

ಉತ್ತರ ಅಮೆರಿಕದ ಶೀತಪ್ರದೇಶಗಳಲ್ಲಿ ಮನೆಯ ಅಡಿಯಲ್ಲಿ ಮನೆಯಷ್ಟೇ ಅಗಲವಾದ ನೆಲಮಾಳಿಗೆ ಇರುವುದು ಸಾಮಾನ್ಯ. ನಮ್ಮ ಬಯಲುಸೀಮೆಯವರು ಜೋಳ ತುಂಬಿಡುತ್ತಿದ್ದ ಹಗೇವನ್ನು ಬಲ್ಲ ವಾಚಕರಿಗೆ ನೆಲದಡಿಯ ಸಂಗ್ರಹ ಹೊಸದಲ್ಲ. ಆದರೆ ಅಲ್ಲಿಯ ನೆಲಮಾಳಿಗೆಗೆ ಚಳಿಯೂ ಒಂದು ಮುಖ್ಯ ಕಾರಣ. ಚಳಿಗಾಲದಲ್ಲಿ ಮಣ್ಣಿನೊಳಗಣ ನೀರು ಹೆಪ್ಪುಗಟ್ಟಿ, ಪದರ ಪದರವಾಗಿ ಬೆಳೆದು, ನೆಲವನ್ನೇ ಮೇಲಕ್ಕೆತ್ತುತ್ತದೆ. ಆದುದರಿಂದ ಅಡಿಪಾಯವನ್ನು ಹಿಮ ತಲಪದಷ್ಟು ಆಳಕ್ಕೆ ಇಳಿಸಬೇಕು. ಮಿನ್ನೆಸೋಟಾ ರಾಜ್ಯದ ನಿಯಮಗಳಲ್ಲಿ ಈ ಆಳ ದಕ್ಷಿಣ ಭಾಗಕ್ಕೆ 42 ಅಂಗುಲ, ಉತ್ತರ ಭಾಗಕ್ಕೆ 60 ಅಂಗುಲ. ಅಷ್ಟು ಅಗೆದವರು ಇನ್ನಷ್ಟು ಅಗೆದರೆ ಒಂದು ಕೋಣೆಯೇ ದೊರೆಯುತ್ತದೆ!

ಅನೇಕ ಮನೆಗಳಲ್ಲಿ ಈ ಕೋಣೆಗೆ ಗಾರೆಯಾಗಲಿ ಹಲಗೆಯ ಹೊದಿಕೆಯಾಗಲಿ ಇರುವುದಿಲ್ಲ; ಗೋಡೆಯೂ ನೆಲವೂ ಬರಿಯ ಕಾಂಕ್ರೀಟು. ಮನೆಯನ್ನು ಬೆಚ್ಚಗಿಡುವ ಕುಲುಮೆ, ನೀರು ಕಾಯಿಸುವ ಪಾತ್ರೆ, ಹಳೆಯ ಸಾಮಾನು ಎಲ್ಲವೂ ಅಲ್ಲಿರುತ್ತವೆ. ಇದನ್ನು ಶುಚಿಯಾಗಿಡುವುದೆಂದರೆ ಮುಖ್ಯವಾಗಿ ತೇವದೊಡನೆ ಹೋರಾಡುವುದು. ಕಾರಣವನ್ನು ತಿಳಿಯದೆ ಹೋರಾಡಿದರೆ ಶ್ರಮ ವ್ಯರ್ಥ. ಆದುದರಿಂದ ಮೊದಲು ಕಾರಣಗಳನ್ನು ಪರಿಶೀಲಿಸೋಣ.

ನೀರು ಬರುವ ಮೂರು ದಾರಿಗಳು

ಮೊದಲನೆಯದು ಒತ್ತಡದಿಂದ ನುಗ್ಗುವ ನೀರು. 100 ಚದರ ಮೀಟರ್ ವಿಸ್ತಾರದ ಮಾಡಿನ ಮೇಲೆ 1 ಸೆಂಟಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರಾಗುತ್ತದೆ. ಈ ನೀರು ಗೋಡೆಯ ಬುಡದಲ್ಲಿಯೇ ಸುರಿದರೆ ಅಲ್ಲಿಯ ಮಣ್ಣು ನೆನೆದು ನೀರಿನಿಂದ ತುಂಬುತ್ತದೆ. ಹೀಗೆ 2 ಮೀಟರ್ ಎತ್ತರದವರೆಗೆ ನೀರು ನಿಂತರೆ ಗೋಡೆಯ ಬುಡದ ಪ್ರತಿಯೊಂದು ಚದರ ಮೀಟರಿನ ಮೇಲೂ ಸುಮಾರು 2,000 ಕಿಲೋಗ್ರಾಂ ತೂಕದಷ್ಟು ಒತ್ತಡ ಬೀಳುವುದು. ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಒಳಗೆ ಬಾರದಿರದು.

ಎರಡನೆಯದು ಕೇಶಾಕರ್ಷಣೆ. ಕಾಂಕ್ರೀಟು ನಮ್ಮ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಅದರೊಳಗೆ ಅಸಂಖ್ಯಾತ ಸೂಕ್ಷ್ಮರಂಧ್ರಗಳಿವೆ. ನಾಳವು ಕಿರಿದಾದಷ್ಟೂ ಅದರಲ್ಲಿ ನೀರು ಎತ್ತರಕ್ಕೆ ಏರುತ್ತದೆಂಬುದನ್ನು ನಾವು ಪ್ರಯೋಗಶಾಲೆಯಲ್ಲಿ ಕಂಡಿದ್ದೇವೆ. ನಾಳದ ತ್ರಿಜ್ಯ 0.01 ಮಿಲಿಮೀಟರ್ ಆದರೆ ನೀರು ಸುಮಾರು ಒಂದೂವರೆ ಮೀಟರ್ ಏರಬಲ್ಲುದು. ಹೀಗೆ ಏರಿದ ನೀರು ಕರಗಿದ ಲವಣಗಳನ್ನೂ ಹೊತ್ತು ತರುತ್ತದೆ. ಗೋಡೆಯ ಮೇಲ್ಮೈಯಲ್ಲಿ ನೀರು ಆವಿಯಾಗಿ ಹೋದಾಗ ಲವಣ ಅಲ್ಲಿಯೇ ಉಳಿಯುತ್ತದೆ. ನೆಲಮಾಳಿಗೆಯ ಗೋಡೆಯ ಮೇಲೆ ಬೂದಿ ಬಳಿದಂತೆ ಕಾಣುವ ಬಿಳಿಯ ಪುಡಿ ಇದೇ. ಇದನ್ನು ಬೂಷ್ಟೆಂದು ಭ್ರಮಿಸಬಾರದು. ಇದು ರೋಗವನ್ನು ತರದು. ನೀರು ನಡೆದ ದಾರಿಗೆ ಸಾಕ್ಷಿಯಾಗಿ ನಿಲ್ಲುತ್ತದೆ.

ಮೂರನೆಯದು ಗಾಳಿಯಿಂದಲೇ ಇಳಿಯುವ ನೀರು. ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವಂತೆ ತಣ್ಣಗಿರುವ ಗೋಡೆಯೂ ಬೆವರುತ್ತದೆ.

ಗೋಡೆ ಏಕೆ ತಣ್ಣಗಿರುತ್ತದೆ?

ಮಣ್ಣು ಉಷ್ಣವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಬೇಸಗೆಯ ಉಷ್ಣ ಒಳಗಿಳಿಯುವಷ್ಟರಲ್ಲಿ ಋತುವೇ ಬದಲಾಗಿರುತ್ತದೆ. ಸಾಧಾರಣ ಮಣ್ಣಿನಲ್ಲಿ ಸುಮಾರು 2 ಮೀಟರ್ ಆಳಕ್ಕೆ ಹೋದರೆ ವರ್ಷದ ಉಷ್ಣತೆಯ ಏರಿಳಿತ ಮೂರನೆಯ ಒಂದು ಭಾಗದಷ್ಟಕ್ಕೆ ತಗ್ಗಿ, ಎರಡು ತಿಂಗಳಷ್ಟು ಹಿಂದೆಯೂ ಬೀಳುತ್ತದೆ. ಇನ್ನೂ ಆಳದಲ್ಲಿ ಏರಿಳಿತವೇ ಇಲ್ಲ. ಪ್ಯಾರಿಸ್ ವೀಕ್ಷಣಾಲಯದಲ್ಲಿ ಸುಮಾರು 28 ಮೀಟರ್ ಆಳದ ನೆಲಮನೆಯಲ್ಲಿ 1783ರಲ್ಲಿ ಲಾವೋಸಿಯೆಯ ಉಷ್ಣತಾಮಾಪಕವನ್ನು ಇರಿಸಿದಾಗ ಚಳಿಗಾಲ ಬೇಸಗೆಗಳೆರಡರಲ್ಲಿಯೂ ಅದು ಹೆಚ್ಚುಕಡಿಮೆ ಒಂದೇ ಅಂಕವನ್ನು ತೋರಿಸುತ್ತಿದ್ದಿತು.

ಕಿಟಕಿ ತೆರೆಯಬೇಕೆ?

ಮುಗ್ಗು ವಾಸನೆ ಬಂದೊಡನೆ ಕಿಟಕಿ ತೆರೆದು ಗಾಳಿಯಾಡಿಸುವುದು ಎಲ್ಲರಿಗೂ ತೋಚುವ ಉಪಾಯ. ಬೇಸಗೆಯಲ್ಲಿ ಇದರ ಫಲವನ್ನು ಲೆಕ್ಕ ಹಾಕಿ ನೋಡೋಣ. ಹೊರಗಿನ ಉಷ್ಣತೆ 30 ಡಿಗ್ರಿ ಸೆಂಟಿಗ್ರೇಡ್, ಸಾಪೇಕ್ಷ ಆರ್ದ್ರತೆ ಶೇಕಡ 60 ಎಂದಿಟ್ಟುಕೊಳ್ಳೋಣ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 30.4 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲುದು. ಅದರ ಶೇಕಡ 60 ಎಂದರೆ 18.2 ಗ್ರಾಂ. ಈ ಗಾಳಿ ಒಳಬಂದು 16 ಡಿಗ್ರಿಗೆ ತಣಿದರೆ ಅದು ಹಿಡಿಯಬಲ್ಲುದು 13.6 ಗ್ರಾಂ ಮಾತ್ರ. ಉಳಿದ ಸುಮಾರು ನಾಲ್ಕೂವರೆ ಗ್ರಾಂ ಗೋಡೆಯ ಮೇಲೂ ನೆಲದ ಮೇಲೂ ನೀರಾಗಿ ಇಳಿಯಬೇಕು. ನೆಲಮಾಳಿಗೆಯ ಗಾತ್ರ 180 ಘನ ಮೀಟರ್ ಆದರೆ, ಒಂದು ಸಲ ಗಾಳಿ ಬದಲಾಗಿ ತಣಿದಾಗ ಸುಮಾರು 800 ಗ್ರಾಂ ನೀರು! ಒಣಗಿಸಲೆಂದು ತೆರೆದ ಕಿಟಕಿ ಕೋಣೆಯನ್ನು ನೆನೆಸುತ್ತದೆ. ಹೊರಗಿನ ಗಾಳಿ ಒಣಗಿದ್ದಾಗ ಮಾತ್ರ ಕಿಟಕಿಯಿಂದ ಪ್ರಯೋಜನವುಂಟು. ಬೇಸಗೆಯ ಸೆಕೆಯಲ್ಲಿ ಕಿಟಕಿ ಮುಚ್ಚಿ, ತೇವಹಾರಕ ಯಂತ್ರದಿಂದ ಸಾಪೇಕ್ಷ ಆರ್ದ್ರತೆಯನ್ನು ಶೇಕಡ 50ರ ಆಸುಪಾಸಿನಲ್ಲಿ ಇರಿಸುವುದು ಯುಕ್ತ. ಅದು ಶೇಕಡ 60ನ್ನು ಮೀರಿ ನಿಂತರೆ ಬೂಷ್ಟಿಗೆ ಅನುಕೂಲ.

ಒಂದು ಸರಳ ಪರೀಕ್ಷೆ

ತೇವ ಗೋಡೆಯೊಳಗಿಂದ ಬಂದಿತೆ, ಗಾಳಿಯಿಂದ ಬಂದಿತೆ? ಒಂದು ಮೊಳ ಉದ್ದಗಲದ ಅಲ್ಯೂಮಿನಿಯಂ ಹಾಳೆಯನ್ನು ಒರಸಿದ ಗೋಡೆಗೆ ಒತ್ತಿ, ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಬಿಗಿಯಾಗಿ ಮುಚ್ಚಬೇಕು. ಎರಡು ದಿನಗಳ ಮೇಲೆ ಹಾಳೆಯ ಹೊರಮೈ ಒದ್ದೆಯಾಗಿದ್ದರೆ ನೀರು ಗಾಳಿಯದು; ಗೋಡೆಯ ಕಡೆಯ ಮೈ ಒದ್ದೆಯಾಗಿದ್ದರೆ ಮಣ್ಣಿನದು. ಎರಡೂ ಒದ್ದೆಯಾಗಿದ್ದರೆ ಎರಡಕ್ಕೂ ಚಿಕಿತ್ಸೆ ಬೇಕು. ಮಣ್ಣಿನ ನೀರಿಗೆ ಮದ್ದು ಹೊರಗಡೆಯಿದೆ: ಮಾಡಿನ ದೋಣಿಯ ಕಸ ತೆಗೆಯುವುದು, ಅದರ ನೀರನ್ನು ಕೊಳವೆಯಿಂದ ಗೋಡೆಗೆ ದೂರವಾಗಿ ಬಿಡುವುದು, ಗೋಡೆಯಿಂದ 3 ಮೀಟರ್ ದೂರಕ್ಕೆ 15 ಸೆಂಟಿಮೀಟರ್ ತಗ್ಗುವಂತೆ ನೆಲವನ್ನು ಇಳಿಜಾರು ಮಾಡುವುದು.

ಶುದ್ಧಿಯ ಕ್ರಮ

ಸಾಮಾನನ್ನು ನೆಲಕ್ಕೂ ಗೋಡೆಗೂ ತಾಗದಂತೆ ಅಟ್ಟಣೆಯ ಮೇಲಿರಿಸಬೇಕು. ಬೂಷ್ಟಿಗೆ ಆಹಾರವಾಗುವ ರಟ್ಟಿನ ಪೆಟ್ಟಿಗೆಗಳನ್ನು ತೆಗೆದುಹಾಕಬೇಕು. ಲವಣದ ಪುಡಿಯನ್ನು ಒಣ ಕುಂಚದಿಂದ ಉಜ್ಜಿ ತೆಗೆಯಬೇಕು. ನೆಲವನ್ನು ಮೇಲಿನಿಂದ ಕೆಳಕ್ಕೆಂಬ ಕ್ರಮದಲ್ಲಿ, ಅಂದರೆ ತೊಲೆ, ಗೋಡೆಗಳಾದ ಮೇಲೆ, ಸೌಮ್ಯವಾದ ಮಾರ್ಜಕ ಬೆರೆಸಿದ ಸ್ವಲ್ಪವೇ ನೀರಿನಿಂದ ತೊಳೆದು ಬೇಗ ಒಣಗಿಸಬೇಕು. ಕಾಂಕ್ರೀಟಿನಲ್ಲಿ ಸುಣ್ಣದ ಸಂಯುಕ್ತಗಳಿರುವುದರಿಂದ ಆಮ್ಲಗಳು ಅದನ್ನು ತಿನ್ನುತ್ತವೆ. ಬಿಳುಪುಕಾರಕ ದ್ರಾವಣವನ್ನು ಆಮ್ಲದೊಡನೆಯಾಗಲಿ ಅಮೋನಿಯದೊಡನೆಯಾಗಲಿ ಎಂದಿಗೂ ಬೆರೆಸಬಾರದು, ಹುಟ್ಟುವುದು ವಿಷಾನಿಲ. ಕುಲುಮೆಯ ಬಳಿ ಪೆಟ್ರೋಲು, ಬಣ್ಣಗಳನ್ನು ಇಡಬಾರದು.

ವಾಸನೆಯಿಲ್ಲದ ಅಪಾಯ

ಕೊನೆಯದಾಗಿ, ಕಣ್ಣಿಗೂ ಮೂಗಿಗೂ ಸಿಗದ ಶತ್ರುವೊಂದುಂಟು. ಮಣ್ಣಿನಲ್ಲಿರುವ ಯುರೇನಿಯಂ ಕ್ಷಯಿಸುತ್ತ ಬಂದು ರೇಡಿಯಂ ಆಗಿ, ಅದರಿಂದ ರೇಡಾನ್ ಅನಿಲ ಹುಟ್ಟುತ್ತದೆ. ಬೆಚ್ಚನೆಯ ಮನೆಯ ಗಾಳಿ ಮೇಲೇರಿ ಹೊರಹೋಗುವುದರಿಂದ ನೆಲಮಾಳಿಗೆಯಲ್ಲಿ ಒತ್ತಡ ತುಸು ತಗ್ಗಿ, ರೇಡಾನ್ ಬಿರುಕುಗಳ ಮೂಲಕ ಒಳಗೆಳೆಯಲ್ಪಡುತ್ತದೆ. 1984ರಲ್ಲಿ ಪೆನ್ಸಿಲ್ವೇನಿಯದ ಎಂಜಿನಿಯರೊಬ್ಬರು ತಾವು ಕೆಲಸ ಮಾಡುತ್ತಿದ್ದ ಪರಮಾಣು ವಿದ್ಯುದಾಗಾರದಲ್ಲಿ ವಿಕಿರಣದ ಎಚ್ಚರಿಕೆಯ ಗಂಟೆಗಳನ್ನು ಮೊಳಗಿಸಿದರು. ಶೋಧಿಸಿದಾಗ ವಿಕಿರಣ ಬಂದುದು ಆಗಾರದಿಂದಲ್ಲ, ಅವರ ಸ್ವಂತ ಮನೆಯಿಂದ ಎಂದು ತಿಳಿಯಿತು! ಅಲ್ಲಿಯ ರೇಡಾನ್ ಪ್ರಮಾಣ, ಅಮೆರಿಕದಲ್ಲಿ ಈಗ ಪರಿಹಾರಕ್ರಮ ಕೈಗೊಳ್ಳಲು ನಿಗದಿಯಾಗಿರುವ ಮಿತಿಯ 600 ಪಟ್ಟಿಗೂ ಮೀರಿದ್ದಿತು. ಆ ಮಿತಿ ಲೀಟರಿಗೆ 4 ಪಿಕೊಕ್ಯೂರಿ, ಎಂದರೆ ಘನ ಮೀಟರಿಗೆ 148 ಬೆಕರೆಲ್. ದೀರ್ಘಕಾಲ ಉಸಿರಾಡಿದರೆ ರೇಡಾನ್ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಗುಡಿಸುವುದರಿಂದ ಇದು ಹೋಗದು, ಅಳೆದೇ ತಿಳಿಯಬೇಕು. ಮಿತಿ ಮೀರಿದ್ದರೆ ಬಿರುಕುಗಳನ್ನು ಮುಚ್ಚಿ, ನೆಲದ ಕೆಳಗಿನ ಗಾಳಿಯನ್ನು ಕೊಳವೆ ಮತ್ತು ಪಂಕದ ಸಹಾಯದಿಂದ ಮಾಡಿನ ಮೇಲಕ್ಕೆ ಕಳುಹಿಸಬೇಕು.

ಅಳತೆಯಿಲ್ಲದ ಶ್ರಮ ಕತ್ತಲೆಯಲ್ಲಿ ಗುಡಿಸಿದಂತೆ. ನೆಲಮಾಳಿಗೆಗೆ ಇಳಿಯುವವನ ಒಂದು ಕೈಯಲ್ಲಿ ಪೊರಕೆಯಿದ್ದರೆ ಇನ್ನೊಂದು ಕೈಯಲ್ಲಿ ಆರ್ದ್ರತಾಮಾಪಕವಿರಲಿ.

ಅಭ್ಯಾಸ

1. ಹೊರಗೆ 10 ಡಿಗ್ರಿ ಉಷ್ಣತೆ, ಶೇಕಡ 80 ಆರ್ದ್ರತೆ ಇದೆ. 10 ಡಿಗ್ರಿಯಲ್ಲಿ ಘನ ಮೀಟರ್ ಗಾಳಿ 9.4 ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದು. 16 ಡಿಗ್ರಿಯ ನೆಲಮಾಳಿಗೆಯ ಕಿಟಕಿ ತೆರೆದರೆ ಗೋಡೆ ಬೆವರುವುದೆ?

2. ರಂಧ್ರದ ತ್ರಿಜ್ಯ 0.02 ಮಿಲಿಮೀಟರ್ ಆದರೆ ನೀರು ಎಷ್ಟು ಎತ್ತರ ಏರುವುದು?

3. ರೇಡಾನಿನ ಅರ್ಧಾಯುಷ್ಯ 3.8 ದಿನ. ಮುಚ್ಚಿದ ಪಾತ್ರೆಯೊಳಗಿನ ರೇಡಾನ್ 19 ದಿನಗಳಲ್ಲಿ ಎಷ್ಟನೆಯ ಒಂದು ಪಾಲಿಗೆ ಇಳಿಯುವುದು?